ಊರಿನ ರಜೆ, ಸಂಜೆಯ ಸವಾರಿ, ಗಡ್‌ಬಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್, ಮೇ ಬಂತೆಂದರೆ ಕರಾವಳಿಯ ಕುಟುಂಬದ ಮನೆಗಳು ತುಂಬುತ್ತವೆ. ಮುಂಬಯಿ, ಬೆಂಗಳೂರು, ದುಬೈ ಅಂತ ಚದುರಿಹೋದವರೆಲ್ಲ ಊರಿಗೆ ಬರುತ್ತಾರೆ. ದೈವದ ಕೋಲ, ನಾಗನಿಗೆ ತಂಬಿಲ, ಒಂದೆರಡು ಮದುವೆ, ಒಂದು ಗೃಹಪ್ರವೇಶ. ಇದರ ನಡುವೆ ಯಾರಾದರೊಬ್ಬರು "ಸಂಜೆ ಐಸ್‌ಕ್ರೀಂ ತಿನ್ನಲಿಕ್ಕೆ ಹೋಗೋಣ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಅಲ್ಲಿಂದ ಪ್ರಶ್ನೆಗಳು ಶುರು. ಎಷ್ಟು ಗಾಡಿ, ಯಾವ ಅಂಗಡಿ, ಅಜ್ಜಿ ಬರುತ್ತಾರಾ, ಸಕ್ಕರೆ ಕಾಯಿಲೆಯ ಮಾವನಿಗೆ ಏನು? ಮಂಗಳೂರು–ಉಡುಪಿ ಸುತ್ತಮುತ್ತ ಕುಟುಂಬ ಸೇರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಮನೆಗೇ ಫ್ಯಾಮಿಲಿ ಪ್ಯಾಕ್ ತಂದರೆ ಸಾಲದಾ? ಇಷ್ಟು ಜನ ಹೊರಡುವ ಗಲಾಟೆ ಯಾಕೆ?

ಫ್ಯಾಮಿಲಿ ಪ್ಯಾಕ್ ತಂದರೆ ಐಸ್‌ಕ್ರೀಂ ತಿಂದಂತೆ ಆಗುತ್ತದೆ, ನಿಜ. ಆದರೆ ಅದನ್ನು ಬಟ್ಟಲಿಗೆ ಹಾಕಿ, ಎಲ್ಲರಿಗೂ ಹಂಚಿ, ಆಮೇಲೆ ಆ ಬಟ್ಟಲುಗಳನ್ನು ತೊಳೆಯುವವರು ಯಾರು ಅಂತ ಒಮ್ಮೆ ನೋಡಿ. ಬೆಳಿಗ್ಗೆ ಎದ್ದು ಕೊಟ್ಟೆ ಕಡುಬು ಬೇಯಿಸಿದವರೇ. ಮಧ್ಯಾಹ್ನ ಎಲೆ ಹಾಕಿ ಬಡಿಸಿದವರೇ.

ಕುಟುಂಬದ ಮನೆಯಲ್ಲಿ ಕೆಲವರು ನಾಲ್ಕು ದಿನ ಇದ್ದರೂ ಒಂದು ಕಡೆ ಕೂರುವುದಿಲ್ಲ. ದೊಡ್ಡಮ್ಮ, ಅತ್ತಿಗೆ, ಊರಲ್ಲೇ ಉಳಿದ ತಮ್ಮನ ಹೆಂಡತಿ. ಇವರು ಕೊನೆಯ ಪಂಕ್ತಿಯಲ್ಲಿ ಊಟ ಮಾಡುವವರು. ಜಗಲಿಯಲ್ಲಿ ಮಾತು ರಂಗೇರುವಾಗ ಇವರು ಒಳಗೆ ಪಾತ್ರೆ ಎತ್ತಿಡುತ್ತಿರುತ್ತಾರೆ. ಐಸ್‌ಕ್ರೀಂ ಅಂಗಡಿಯಲ್ಲಿ ಇವರೂ ಕುರ್ಚಿಯಲ್ಲಿ ಕೂರುತ್ತಾರೆ. ಬೇರೆಯವರು ಬಂದು "ನಿಮಗೇನು ಬೇಕು?" ಅಂತ ಇವರನ್ನು ಕೇಳುತ್ತಾರೆ. ನನಗೆ ಇಡೀ ಸವಾರಿಯಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ನಮ್ಮ ದೊಡ್ಡಮ್ಮ ಶಾಲೆಯಲ್ಲಿ ಖೋ ಖೋ ತಂಡದಲ್ಲಿದ್ದರು ಅಂತ ನಮಗೆಲ್ಲ ಗೊತ್ತಾದದ್ದು ಇಂಥದ್ದೇ ಒಂದು ಮೇಜಿನ ಸುತ್ತ. ಮನೆಯಲ್ಲಿ ಆ ಕತೆ ಹೇಳಲು ಅವರಿಗೆ ಬಿಡುವು ಸಿಕ್ಕಿರಲೇ ಇಲ್ಲ.

ಇನ್ನೊಂದು ಮಾತು. ತಿರುಗಿ ಬಂದ ಮೇಲೆ ಅದೇ ಹೆಂಗಸರು ರಾತ್ರಿಯ ಅಡುಗೆಗೆ ಓಡುವಂತಾದರೆ ಹೋಗಿ ಬಂದದ್ದು ವ್ಯರ್ಥ. ಹೊರಡುವ ಮೊದಲೇ ಕುಚ್ಚಲಕ್ಕಿ ಗಂಜಿ ಬೇಯಿಸಿಟ್ಟುಬಿಡಿ. ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ. ಬಡಿಸುವ ಕೆಲಸ ಆ ರಾತ್ರಿ ಗಂಡಸರದ್ದು, ಹುಡುಗರದ್ದು. ಇದನ್ನು ಕಾರು ಹತ್ತುವ ಮೊದಲೇ ಎಲ್ಲರ ಎದುರು ಹೇಳಿಬಿಡುವುದು ಒಳ್ಳೆಯದು.

ಯಾವ ದಿನ ಇಟ್ಟುಕೊಳ್ಳಬೇಕು?

ಕಾರ್ಯಕ್ರಮದ ಮರುದಿನ. ಕೋಲ ಅಥವಾ ಮದುವೆಯ ದಿನ ಯಾರಿಗೂ ಪುರುಸೊತ್ತು ಇರುವುದಿಲ್ಲ, ಹಿಂದಿನ ದಿನ ತಲೆಬಿಸಿ. ಮರುದಿನ ನಿದ್ದೆ ಮುಗಿಸಿ, ಉಳಿದ ಪಾಯಸ ಮುಗಿಸಿ, ಮಧ್ಯಾಹ್ನ ಎಲ್ಲರೂ ಸುಮ್ನೆ ಬಿದ್ದುಕೊಂಡಿರುತ್ತಾರೆ. ನಾಲ್ಕು ಗಂಟೆಗೆ ಚಹಾ ಕುಡಿದು ಹೊರಡಿಸಿ.

ತುಳುನಾಡಿನಲ್ಲಿ ಪತ್ತನಾಜೆಯ ನಂತರ ಕೋಲ, ನೇಮ ನಿಲ್ಲುತ್ತವೆ. ಅದು ತುಳುವರ ಬೇಶ ತಿಂಗಳ ಹತ್ತನೇ ದಿನ, ಸಾಮಾನ್ಯವಾಗಿ ಮೇ 24ರ ಸುಮಾರಿಗೆ. ಹಾಗಾಗಿ ಮೇ ತಿಂಗಳ ಮೊದಲ ಮೂರು ವಾರ ಎಲ್ಲರ ಮನೆಯಲ್ಲೂ ಜನ, ಎಲ್ಲ ಅಂಗಡಿಯಲ್ಲೂ ಜನ. ಶನಿವಾರ, ಭಾನುವಾರ ರಾತ್ರಿ ಊಟದ ನಂತರ ಮಂಗಳೂರಿನ ಐಸ್‌ಕ್ರೀಂ ಪಾರ್ಲರ್‌ಗಳಲ್ಲಿ ಹತ್ತು ಹದಿನೈದು ಜನಕ್ಕೆ ಒಟ್ಟಿಗೆ ಜಾಗ ಸಿಗುವುದು ಕಷ್ಟ. ವಾರದ ನಡುವಿನ ಸಂಜೆ ಐದರ ಹೊತ್ತಿಗೆ ಹೋದರೆ ಎರಡು ಮೇಜು ಜೋಡಿಸಿ ಕೊಡುತ್ತಾರೆ.

ಚೌತಿಗೆ ಸೇರುವ ಮನೆಗಳಿಗೂ, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಸೇರುವ ಕ್ರೈಸ್ತ ಮನೆಗಳಿಗೂ, ಈದ್‌ಗೆ ಸೇರುವ ಬ್ಯಾರಿ ಮನೆಗಳಿಗೂ ಇದೇ ಲೆಕ್ಕ. ಹಬ್ಬ ಒಂದು ದಿನ, ಸವಾರಿ ಮರುದಿನ.

ಎಷ್ಟು ದೂರ ಹೋಗಬಹುದು? ಯಾವ ದಾರಿ ಚೆನ್ನಾಗಿದೆ?

ಒಂದು ಕಡೆಗೆ ಒಂದು ಗಂಟೆ ಅಥವಾ ಸ್ವಲ್ಪ ಜಾಸ್ತಿ. ಅದಕ್ಕಿಂತ ಹೆಚ್ಚಾದರೆ ಅದು ಪ್ರವಾಸ. ಪ್ರವಾಸಕ್ಕೆ ಬ್ಯಾಗು ಬೇಕು, ಊಟದ ವ್ಯವಸ್ಥೆ ಬೇಕು, ಹಿರಿಯರು "ನಾವು ಮನೆಯಲ್ಲೇ ಇರುತ್ತೇವೆ" ಅನ್ನಲು ಶುರು ಮಾಡುತ್ತಾರೆ. ಹಿರಿಯರು ಬಾರದ ಸವಾರಿ ನನಗೆ ಅರ್ಧ ಸವಾರಿ.

ನನಗೆ ತುಂಬಾ ಇಷ್ಟದ ದಾರಿ ಮಂಗಳೂರಿನಿಂದ ಉಡುಪಿಗೆ, ರಾಷ್ಟ್ರೀಯ ಹೆದ್ದಾರಿ 66. ಸುರತ್ಕಲ್, ಹಳೆಯಂಗಡಿ, ಮೂಲ್ಕಿ, ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ. ಒಟ್ಟು 60 ಕಿಲೋಮೀಟರ್ ಒಳಗೆ. ಮೂಲ್ಕಿಯಲ್ಲಿ ಶಾಂಭವಿ ಹೊಳೆಯ ಸೇತುವೆ ಬಂದಾಗ ಹಿಂದಿನ ಸೀಟಿನವರಿಗೆ ಕಿಟಕಿ ಬಿಟ್ಟುಕೊಡಿ. ಕಾಪುವಿನಲ್ಲಿ ಸಮುದ್ರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಸ್ವಲ್ಪ ಮೊದಲು. ಅಷ್ಟು ಹೊತ್ತಿಗೆ ಕಾಪು ಬೀಚಿನಲ್ಲಿದ್ದು, ಕತ್ತಲಾದ ಮೇಲೆ ಉಡುಪಿಗೆ ಹೋಗಿ ಐಸ್‌ಕ್ರೀಂ ತಿಂದರೆ ಮಕ್ಕಳ ಕೈಕಾಲಿನ ಮರಳೂ ಅಷ್ಟರಲ್ಲಿ ಉದುರಿರುತ್ತದೆ. ಕಟಪಾಡಿ ಹತ್ತಿರದ ಶಂಕರಪುರ ಮಲ್ಲಿಗೆಯ ಊರು. ಉಡುಪಿ ಪೇಟೆಯಲ್ಲಿ ಅದೇ ಮಲ್ಲಿಗೆ ಅಟ್ಟೆ (ಮಲ್ಲಿಗೆಯ ಇಲ್ಲಿನ ಅಳತೆ) ಲೆಕ್ಕದಲ್ಲಿ ಸಿಗುತ್ತದೆ. ಕೊಂಡು ಹಂಚಿಕೊಂಡರೆ ಬರುವಾಗ ಇಡೀ ಕಾರು ಪರಿಮಳ.

ಸಮುದ್ರ ಬೇಡ ಅನ್ನುವವರಿಗೆ ಒಳದಾರಿ: ಮಂಗಳೂರಿನಿಂದ ಮೂಡುಬಿದಿರೆ 35 ಕಿಲೋಮೀಟರ್, ಅಲ್ಲಿಂದ ಕಾರ್ಕಳ ಇನ್ನು ಅರ್ಧ ಗಂಟೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ, ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ ಸುಮಾರು 42 ಅಡಿ ಎತ್ತರದ ಗೊಮ್ಮಟ. ಒಂದು ಸಂಜೆಗೆ ಎರಡರಲ್ಲಿ ಒಂದು ಸಾಕು. ಎರಡೂ ನೋಡಲು ಹೊರಟರೆ ಗಡಿಬಿಡಿಯಲ್ಲಿ ಐಸ್‌ಕ್ರೀಂ ತಪ್ಪಿಹೋಗುತ್ತದೆ.

ಉಡುಪಿಯವರಾದರೆ ಕುಂದಾಪುರ ದಾಟಿ ಮರವಂತೆ. ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಅಷ್ಟು ದೂರ ಬೇಡವೆಂದರೆ ಮಲ್ಪೆ, ಉಡುಪಿ ಪೇಟೆಯಿಂದ ಕೇವಲ 6 ಕಿಲೋಮೀಟರ್. ಸಂಜೆ ಹೊರಟು ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ ಬರುವ ಆಸೆ ಬೇಡ. ಅದಕ್ಕೆ ದೋಣಿ ಬೇಕು, ಬೆಳಗಿನ ಹೊತ್ತು ಬೇಕು.

ಗಡ್‌ಬಡ್ ಅಂದರೆ ಸರಿಯಾಗಿ ಏನು? ಹೊರಗಿನಿಂದ ಬಂದ ಸೊಸೆಗೆ ಹೇಗೆ ವಿವರಿಸುವುದು?

ಉದ್ದನೆಯ ಗಾಜಿನ ಲೋಟ, ಉದ್ದನೆಯ ಚಮಚ. ತಳದಲ್ಲಿ ಜೆಲ್ಲಿ ಮತ್ತು ಹೆಚ್ಚಿದ ಹಣ್ಣು. ಅದರ ಮೇಲೆ ಒಂದು ರುಚಿಯ ಐಸ್‌ಕ್ರೀಂ. ಮತ್ತೆ ಹಣ್ಣು, ಗೋಡಂಬಿ, ಒಣದ್ರಾಕ್ಷಿ. ಅದರ ಮೇಲೆ ಬೇರೆ ರುಚಿಯ ಐಸ್‌ಕ್ರೀಂ. ತುದಿಯಲ್ಲಿ ಒಂದು ಚೆರ್ರಿ ಅಥವಾ ಟುಟ್ಟಿಫ್ರುಟಿ. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ಪದರಗಳು, ಹಣ್ಣು, ಜೆಲ್ಲಿ ಇರಲೇಬೇಕು.

ತಿನ್ನುವ ಕ್ರಮ ಕೇಳಿದರೆ ನನ್ನ ಅಭಿಪ್ರಾಯ ಗಟ್ಟಿ ಇದೆ. ಮೇಲಿನಿಂದ ಒಂದೊಂದೇ ಪದರ ಮುಗಿಸುತ್ತಾ ಬರಬೇಡಿ. ಹಾಗೆ ಮಾಡಿದರೆ ಕೊನೆಗೆ ಬರೀ ಜೆಲ್ಲಿ ಉಳಿಯುತ್ತದೆ. ಚಮಚವನ್ನು ಪಕ್ಕದಿಂದ ತಳದವರೆಗೆ ಇಳಿಸಿ, ಕೆಳಗಿನದನ್ನು ಮೇಲಕ್ಕೆ ತನ್ನಿ. ಒಂದು ಚಮಚದಲ್ಲಿ ತಂಪು ಐಸ್‌ಕ್ರೀಂ, ಜಾರುವ ಜೆಲ್ಲಿ, ಕುರುಕುರು ಗೋಡಂಬಿ, ಹುಳಿ ಸಿಹಿ ಹಣ್ಣು ಒಟ್ಟಿಗೆ ಬಾಯಿಗೆ ಬರಬೇಕು. ಇದನ್ನು ಮಾಡಿದವರ ಜಾಣತನ ಇರುವುದು ಅಲ್ಲೇ. ಅರ್ಧ ಕರಗಿದಾಗ ಇನ್ನೂ ರುಚಿ. ಹಾಗಾಗಿ ಮಾತಾಡುತ್ತಾ ನಿಧಾನವಾಗಿ ತಿನ್ನುವವರಿಗೆ ಹೇಳಿ ಮಾಡಿಸಿದ ತಿಂಡಿ ಇದು. ಕೋನ್ ಐಸ್‌ಕ್ರೀಂ ಹಾಗೆ ಕಾಯುವುದಿಲ್ಲ.

ಮೊದಲು ಮಾಡಿದ್ದು ಯಾರು ಎಂಬ ಜಗಳ ಊಟದ ಎಲೆಯ ಮುಂದೆಯೂ ನಡೆಯುತ್ತದೆ. ಉಡುಪಿಯವರು ತಮ್ಮ ಡಯಾನಾ ಹೋಟೆಲಿನ ಹೆಸರು ಹೇಳುತ್ತಾರೆ. ಮಂಗಳೂರಿನವರು ಐಡಿಯಲ್ ಅನ್ನುತ್ತಾರೆ. ಎರಡೂ ಕಡೆ ತಿಂದು ನೋಡಿ, ಅದೇ ಒಂದು ಸವಾರಿಗೆ ನೆಪ ಆಗುತ್ತದೆ.

ಮಂಗಳೂರಿನಲ್ಲಿ ದೊಡ್ಡ ಗುಂಪಿಗೆ ಎಲ್ಲಿ?

ಮಂಗಳೂರಿನ ಐಸ್‌ಕ್ರೀಂ ಅಂದ ತಕ್ಷಣ ಬಾಯಿಗೆ ಬರುವುದು ಐಡಿಯಲ್. ಎಸ್. ಪ್ರಭಾಕರ ಕಾಮತ್ ಅವರು 1975ರ ಮೇ 1ರಂದು ಮಾರ್ಕೆಟ್ ರೋಡಿನಲ್ಲಿ ಇದನ್ನು ಶುರು ಮಾಡಿದರು. ಎಲ್ಲರೂ ಅವರನ್ನು ಪಬ್ಬ ಮಾಮ್ ಎಂದೇ ಕರೆಯುತ್ತಿದ್ದರು. 2021ರಲ್ಲಿ ಅವರು ತೀರಿಕೊಂಡಾಗ ಇಡೀ ಊರು ತನ್ನ ಮನೆಯವರನ್ನು ಕಳೆದುಕೊಂಡಷ್ಟು ಮರುಗಿತು. ಲಾಲ್‌ಬಾಗ್‌ನ ಪಬ್ಬಾಸ್ ಇದೇ ಸಂಸ್ಥೆಯದ್ದು. ಗುಂಪಿಗೆ ಅದು ಅನುಕೂಲ. ಗಡ್‌ಬಡ್ ಭಾರ ಅನ್ನಿಸುವವರು ಅಲ್ಲಿ ಪರ್ಫೆ ತೆಗೆದುಕೊಳ್ಳಬಹುದು.

ಊರಿನ ಸಣ್ಣ ಅಂಗಡಿಗಳನ್ನೂ ಮರೆಯಬೇಡಿ. ಮೂಡುಬಿದಿರೆ, ಕಾರ್ಕಳ, ಪುತ್ತೂರು, ಕುಂದಾಪುರ, ಎಲ್ಲ ಪೇಟೆಯಲ್ಲೂ ಬಸ್ ಸ್ಟ್ಯಾಂಡಿನ ಆಸುಪಾಸು ಒಳ್ಳೆಯ ಗಡ್‌ಬಡ್ ಕೊಡುವ ಜಾಗ ಒಂದಾದರೂ ಇರುತ್ತದೆ. ಜನ ಕಡಿಮೆ, ಜಾಗ ಜಾಸ್ತಿ, ಗಾಡಿ ನಿಲ್ಲಿಸುವ ತಾಪತ್ರಯ ಇಲ್ಲ.

ಮುಂಬಯಿಯಿಂದ ಬಂದ ಮಕ್ಕಳು "ನಮ್ಮ ನ್ಯಾಚುರಲ್ಸೇ ಒಳ್ಳೆಯದು" ಅನ್ನುತ್ತಾರೆ. ಏನು ಹೇಳುವುದು?

ಮೂಲ್ಕಿ ಸೇತುವೆಯ ಮೇಲೆ ಹೋಗುವಾಗ ಅವರಿಗೆ ಆ ನ್ಯಾಚುರಲ್ಸ್ ಐಸ್‌ಕ್ರೀಂ ಶುರು ಮಾಡಿದ ರಘುನಂದನ್ ಕಾಮತ್ ಅವರ ಕತೆ ಹೇಳಿ. ಅವರು ಈ ಮೂಲ್ಕಿ ಕಡೆಯವರೇ. ತಂದೆ ಹಣ್ಣು ಮಾರುತ್ತಿದ್ದರು. ಯಾವ ಹಣ್ಣು ಎಷ್ಟು ಮಾಗಿದೆ ಅಂತ ಕೈಯಲ್ಲಿ ಹಿಡಿದೇ ಹೇಳುವ ಮನೆ ಅದು. ಹುಡುಗನಾಗಿ ಮುಂಬಯಿಗೆ ಹೋಗಿ, ಅಣ್ಣನ ಹೋಟೆಲಿನಲ್ಲಿ ದುಡಿದು, 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ತಮ್ಮದೇ ಅಂಗಡಿ ತೆರೆದರು. ಬರೀ ಐಸ್‌ಕ್ರೀಂಗೆ ಜನ ಬರುತ್ತಾರೋ ಇಲ್ಲವೋ ಅಂತ ಮೊದಲು ಪಾವ್‌ಭಾಜಿಯನ್ನೂ ಮಾರಿದರು. ಖಾರ ತಿಂದವರು ತಂಪು ಕೇಳುತ್ತಾರೆ ಅಲ್ವಾ? ಆಮೇಲೆ ಪಾವ್‌ಭಾಜಿ ನಿಂತಿತು, ಸೀತಾಫಲ, ಹಲಸು, ಎಳನೀರಿನ ಐಸ್‌ಕ್ರೀಂ ಉಳಿಯಿತು. ಅವರು 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಮಕ್ಕಳ ಆ ಮುಂಬಯಿ ಐಸ್‌ಕ್ರೀಂನಲ್ಲೂ ಊರಿನ ಹಣ್ಣಿನ ಬುಟ್ಟಿಯ ಪಾಲಿದೆ. ಇದು ತಿಳಿದ ಮೇಲೆ ಅವರು ಆ ಸೇತುವೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಅಜ್ಜಿ ಶುದ್ಧ ಸಸ್ಯಾಹಾರಿ. ಜೆಲ್ಲಿ ತಿನ್ನಬಹುದಾ?

ಕೇಳಿ ತಿನ್ನಿಸಿ. ಜೆಲ್ಲಿ ಎರಡು ಬಗೆ. ಕಡಲ ಪಾಚಿಯಿಂದ ಬರುವ ಅಗರ್ ಅಗರ್ ಅಥವಾ ಚೈನಾ ಗ್ರಾಸ್ ಹಾಕಿದ್ದು ಸಸ್ಯಾಹಾರ. ಜೆಲಟಿನ್ ಹಾಕಿದ್ದು ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ಇಲ್ಲಿನ ಬಹಳಷ್ಟು ಅಂಗಡಿಗಳು ಸಸ್ಯಾಹಾರಿ ಜೆಲ್ಲಿಯನ್ನೇ ಬಳಸುತ್ತವೆ, ಆದರೂ ಒಂದು ಮಾತು ಕೇಳುವುದರಲ್ಲಿ ನಷ್ಟವಿಲ್ಲ. ಅಜ್ಜಿಯ ಎದುರಿಗೇ ಕೇಳಬೇಡಿ, ಕೌಂಟರಿಗೆ ಹೋಗಿ ಕೇಳಿ. ಅನುಮಾನ ಒಮ್ಮೆ ಹೊಕ್ಕರೆ ಅವರು ಆಮೇಲೆ ಒಂದು ಚಮಚವೂ ಮುಟ್ಟುವುದಿಲ್ಲ. ಮೊಟ್ಟೆ ಹಾಕಿದ್ದಾರಾ ಎಂಬುದನ್ನೂ ಅಲ್ಲೇ ವಿಚಾರಿಸಿಬಿಡಿ. ಪ್ಯಾಕೆಟ್ ಐಸ್‌ಕ್ರೀಂ ಆದರೆ ಹಸಿರು ಗುರುತು ನೋಡಿದರೆ ಸಾಕು.

ಸಕ್ಕರೆ ಕಾಯಿಲೆ ಇರುವವರನ್ನು ಕರೆದುಕೊಂಡು ಹೋಗುವುದು ಸರಿಯಾ?

ಖಂಡಿತ ಕರೆದುಕೊಂಡು ಹೋಗಿ. "ಅವರಿಗೆ ಆಗುವುದಿಲ್ಲ" ಅಂತ ಮನೆಯಲ್ಲಿ ಬಿಟ್ಟು ಹೋಗುವುದು ಸಕ್ಕರೆಗಿಂತ ಜಾಸ್ತಿ ನೋವು ಕೊಡುತ್ತದೆ.

ಎಷ್ಟು ತಿನ್ನಬಹುದು ಎಂಬುದು ಅವರ ವೈದ್ಯರು ಹೇಳಿದ ಮಿತಿಗೆ ಬಿಟ್ಟದ್ದು. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಕೇಳಿಕೊಂಡಿರಬೇಕು. ಸಾಮಾನ್ಯವಾಗಿ ಗಡ್‌ಬಡ್ ಬೇಡ, ಅದರಲ್ಲಿ ಜೆಲ್ಲಿ, ಸಿರಪ್, ಟುಟ್ಟಿಫ್ರುಟಿ ಎಲ್ಲವೂ ಸಕ್ಕರೆಯೇ. ಒಂದು ಸಣ್ಣ ಸ್ಕೂಪ್ ಸಾದಾ ಐಸ್‌ಕ್ರೀಂ ಇಬ್ಬರು ಹಂಚಿಕೊಳ್ಳಬಹುದು. ಐಸ್‌ಕ್ರೀಂನಲ್ಲಿ ಕೊಬ್ಬು ಇರುವುದರಿಂದ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ತಿಂದ ತಕ್ಷಣ ಪರೀಕ್ಷೆ ಮಾಡಿ "ಏನೂ ಆಗಿಲ್ಲ" ಅಂತ ಇನ್ನೊಂದು ತರಿಸಬೇಡಿ. ಶುಗರ್‌ಫ್ರೀ ಅಂತ ಬರೆದಿದ್ದರೂ ಹಾಲಿನ ಸಕ್ಕರೆ ಅದರಲ್ಲಿ ಇದ್ದೇ ಇರುತ್ತದೆ. ಕೆಲವದರಲ್ಲಿ ಸಕ್ಕರೆಯ ಬದಲು ಸಿಹಿಗೆ ಹಾಕುವ ಮಾಲ್ಟಿಟಾಲ್ ಜಾಸ್ತಿ ಆದರೆ ಹೊಟ್ಟೆ ಕೆಡುತ್ತದೆ.

ಅವರ ಊಟ, ಮಾತ್ರೆಯ ಹೊತ್ತು ತಪ್ಪದ ಹಾಗೆ ವಾಪಸ್ ಬನ್ನಿ. ಮುಖ್ಯ ಅದು.

ಹಾಲು ಆಗದವರಿಗೆ? ಗೋಡಂಬಿ, ಕಡಲೆಬೀಜ ಅಲರ್ಜಿ ಇರುವ ಮಕ್ಕಳಿಗೆ?

ಹಾಲು ಜೀರ್ಣವಾಗದವರಿಗೆ ಹಾಲು ಹಾಕದ ಹಣ್ಣಿನ ಸೋರ್ಬೆ, ಐಸ್‌ಕ್ಯಾಂಡಿ, ತಾಜಾ ಹಣ್ಣಿನ ರಸ ಇವೆ. ಅಲರ್ಜಿ ಬೇರೆ ವಿಷಯ, ಅದರಲ್ಲಿ ಸಡಿಲ ಬೇಡ. ಗಡ್‌ಬಡ್ ಮಾಡುವ ಕಡೆ ಎಲ್ಲೆಲ್ಲೂ ಗೋಡಂಬಿ ಚೂರು. ಒಂದೇ ಸ್ಕೂಪ್ ಚಮಚ ಎಲ್ಲ ಡಬ್ಬಕ್ಕೂ ಹೋಗುತ್ತದೆ. "ಗೋಡಂಬಿ ಹಾಕಬೇಡಿ" ಅಂದರೆ ಸಾಲದು. ಅಂಥ ಮಗುವಿಗೆ ಮುಚ್ಚಿದ ಕಪ್ ಐಸ್‌ಕ್ರೀಂ ಕೊಡಿಸಿ, ಲೇಬಲ್ ಓದಿ ಕೊಡಿ. ಆ ಮಗು ಒಂಟಿಯಾಗಬಾರದು ಅಂತ ಪಕ್ಕದಲ್ಲಿ ಕೂತ ಅಣ್ಣನೋ ಅಕ್ಕನೋ ಅದೇ ಕಪ್ ತಿಂದರೆ ತುಂಬಾ ಒಳ್ಳೆಯದು.

ಐಸ್‌ಕ್ರೀಂ ತಿಂದರೆ ಶೀತ ಆಗುತ್ತದಾ?

ಶೀತ ಬರುವುದು ವೈರಸ್‌ನಿಂದ. ಐದು ಊರುಗಳಿಂದ ಬಂದ ಮಕ್ಕಳು ಒಂದೇ ಕೋಣೆಯಲ್ಲಿ ಮಲಗಿದಾಗ ಅದು ಹೇಗೂ ಹರಡುತ್ತದೆ. ಬೈಗುಳ ಮಾತ್ರ ಐಸ್‌ಕ್ರೀಂಗೆ. ಗಂಟಲಿನ ಟಾನ್ಸಿಲ್ ತೆಗೆಸಿಕೊಂಡವರಿಗೆ ವೈದ್ಯರೇ ಐಸ್‌ಕ್ರೀಂ ತಿನ್ನಲು ಹೇಳುವುದುಂಟು. ಆಗಲೇ ಕೆಮ್ಮು ಇರುವ ಮಗುವಿಗೆ ತಂಪಿನಿಂದ ಕೆಮ್ಮು ಕೆರಳಬಹುದು. ಅಂಥವರಿಗೆ ಕರಗಿದ್ದನ್ನು ನಿಧಾನವಾಗಿ ಕೊಡಿ.

ಬೇಗ ತಿಂದಾಗ ಹಣೆ ಸಿಡಿಯುತ್ತದೆ, ಏನು ಮಾಡಬೇಕು?

ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯಿರಿ. ಅಂಗುಳ ಬೆಚ್ಚಗಾದರೆ ನೋವು ಹೋಗುತ್ತದೆ.

ಮನೆಯಲ್ಲಿ ಉಳಿದವರಿಗೆ ಕರಗದ ಹಾಗೆ ತರುವುದು ಹೇಗೆ?

ಯಾರಾದರೂ ಉಳಿದೇ ಉಳಿಯುತ್ತಾರೆ. ಹಾಸಿಗೆ ಹಿಡಿದ ಅಜ್ಜ, ಅವರ ಜೊತೆಗೆ ಒಬ್ಬರು, ಅಂಗಳದಲ್ಲಿ ಒಣಹಾಕಿದ ಅಡಿಕೆ ಕಾಯುವವರು. ಅವರಿಗೆ ತರುವುದನ್ನು ಹೊರಡುವ ಮೊದಲೇ ಪಟ್ಟಿ ಮಾಡಿ. ಅವರಿಗೇ ಕೇಳಿ, ಅವರಿಗೆ ಇಷ್ಟವಾದದ್ದನ್ನೇ ತನ್ನಿ.

ಐಸ್‌ಕ್ರೀಂ ಇಡಬೇಕಾದದ್ದು ಮೈನಸ್ 18 ಡಿಗ್ರಿಯಲ್ಲಿ. ಮೇ ತಿಂಗಳ ಕಾರಿನೊಳಗೆ ಎಷ್ಟು ಬಿಸಿ ಅಂತ ಗೊತ್ತೇ ಇದೆ. ಮನೆಯಿಂದ ಒಂದು ಥರ್ಮೊಕೋಲ್ ಡಬ್ಬ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಕೊನೆಯ ಗಳಿಗೆಯಲ್ಲಿ ಪ್ಯಾಕ್ ಮಾಡಿಸಿ. ಡಬ್ಬದಲ್ಲಿ ಐಸ್ ತುಂಡು, ಅದರ ಮೇಲೆ ಎರಡು ಹಿಡಿ ಕಲ್ಲುಪ್ಪು, ನಡುವೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಐಸ್‌ಕ್ರೀಂ, ಸುತ್ತ ಖಾಲಿ ಜಾಗಕ್ಕೆ ಮಡಚಿದ ಪತ್ರಿಕೆ. ಸಾದಾ ಐಸ್ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ, ಐಸ್‌ಕ್ರೀಂಗೆ ಅಷ್ಟು ತಂಪು ಸಾಲದು. ಉಪ್ಪು ಬಿದ್ದರೆ ಅದು ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ, ಮೈನಸ್ 21ರ ತನಕವೂ. ಡಿಕ್ಕಿಯಲ್ಲಿ ಇಡಬೇಡಿ, ಎಸಿ ಇರುವ ಕಡೆ ಕಾಲ ಹತ್ತಿರ ಇಡಿ.

ಪೂರ್ತಿ ಕರಗಿ ನೀರಾದದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಒಳಗೆ ದೊಡ್ಡ ದೊಡ್ಡ ಐಸ್ ಹರಳು ಕಟ್ಟುತ್ತದೆ, ರುಚಿ ಹೋಗುತ್ತದೆ. ಅದಕ್ಕಿಂತ ಮುಖ್ಯ, ಬೆಚ್ಚಗಾದಾಗ ಬೆಳೆದ ಬ್ಯಾಕ್ಟೀರಿಯಾ ಮತ್ತೆ ತಂಪಾದರೆ ಸಾಯುವುದಿಲ್ಲ. ಕರಗಿದ್ದನ್ನು ಆಗಲೇ ಮಿಲ್ಕ್‌ಶೇಕ್ ಮಾಡಿ ಕುಡಿದುಬಿಡಿ.

"ಫ್ರೋಜನ್ ಡೆಸರ್ಟ್" ಅಂತ ಬರೆದಿರುತ್ತದೆ. ಅದು ಐಸ್‌ಕ್ರೀಂ ಅಲ್ವಾ?

ನಿಯಮದ ಪ್ರಕಾರ ಅಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ಐಸ್‌ಕ್ರೀಂ ಎಂದು ಬರೆಯಬೇಕಾದರೆ ಹಾಲಿನ ಕೊಬ್ಬೇ ಇರಬೇಕು, ಕನಿಷ್ಠ ನೂರಕ್ಕೆ 10ರಷ್ಟು. ಫ್ರೋಜನ್ ಡೆಸರ್ಟ್‌ನಲ್ಲಿ ತಾಳೆ ಎಣ್ಣೆಯಂಥ ಸಸ್ಯದ ಕೊಬ್ಬು ಹಾಕಿರುತ್ತಾರೆ. ತಿನ್ನಬಾರದು ಅಂತಲ್ಲ. ಆದರೆ ಹಾಲಿನ ದುಡ್ಡು ಕೊಟ್ಟು ಎಣ್ಣೆ ತರುವುದು ಯಾಕೆ?

ಇನ್ನೊಂದನ್ನು ನೋಡಿ: ಪ್ಯಾಕಿನ ಮೇಲೆ ಲೀಟರ್ ಜೊತೆಗೆ ಗ್ರಾಂ ಕೂಡ ಇರುತ್ತದೆಯಾ ಅಂತ. ಐಸ್‌ಕ್ರೀಂ ಕಡೆಯುವಾಗ ಗಾಳಿ ಸೇರುತ್ತದೆ, ಸೇರಲೇಬೇಕು, ಇಲ್ಲದಿದ್ದರೆ ಕಲ್ಲಿನ ಹಾಗೆ ಗಟ್ಟಿ ಆಗುತ್ತದೆ. ಎಷ್ಟು ಗಾಳಿ ಎಂಬುದೇ ಪ್ರಶ್ನೆ. ಒಂದು ಲೀಟರ್ ಐಸ್‌ಕ್ರೀಂ ಕನಿಷ್ಠ 525 ಗ್ರಾಂ ತೂಗಬೇಕು ಅಂತ ನಿಯಮ ಇದೆ. ಎರಡು ಡಬ್ಬ ಕೈಯಲ್ಲಿ ಹಿಡಿದು ನೋಡಿದರೆ ಭಾರದ್ದು ಯಾವುದು ಅಂತ ಗೊತ್ತಾಗುತ್ತದೆ.

ಮನೆಯ ಕಾರ್ಯಕ್ರಮಕ್ಕೆ ಎಷ್ಟು ಲೀಟರ್ ತರಬೇಕು?

ಊಟದ ಮೇಲೆ ಕೊಡುವುದಾದರೆ ತಲೆಗೆ 100 ಮಿಲಿ. 40 ಜನಕ್ಕೆ 4 ಲೀಟರ್, ಎರಡನೇ ಸಲ ಕೇಳುವವರಿಗೆ ಇನ್ನೊಂದು. ಫ್ರೂಟ್ ಸಲಾಡ್ ಜೊತೆ ಕೊಟ್ಟರೆ ಸ್ವಲ್ಪ ಕಡಿಮೆ ಸಾಕು.

ಮಕ್ಕಳ ಜೊತೆ ಮನೆಯಲ್ಲೇ ಮಾಡಬಹುದಾ?

ಮಾಡಬಹುದು, ಮತ್ತು ಮಾಡಲೇಬೇಕು. ಮೇ ತಿಂಗಳಲ್ಲಿ ಮನೆಯಲ್ಲಿ ಮಾವು, ಹಲಸು ಕೊಳೆಯುವಷ್ಟು ಇರುತ್ತದೆ.

ಮುಂಡಪ್ಪ ಮಾವಿನ ತಿರುಳು ಒಂದು ದೊಡ್ಡ ಬಟ್ಟಲು. ಅದನ್ನು ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸಿ ಆರಿಸಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಹಣ್ಣಿನ ನೀರೇ ಆಮೇಲೆ ಐಸ್ ಹರಳಾಗಿ ಹಲ್ಲಿಗೆ ಸಿಗುವುದು, ಅದನ್ನು ಮೊದಲೇ ಇಳಿಸಬೇಕು. 200 ಮಿಲಿ ತಣ್ಣನೆಯ ಕ್ರೀಮ್ ಚೆನ್ನಾಗಿ ಕಡೆದು ಉಬ್ಬಿಸಿ. ಅದಕ್ಕೆ 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಮಾವಿನ ತಿರುಳು, ಚಿಟಿಕೆ ಉಪ್ಪು. ಮೆಲ್ಲಗೆ ಬೆರೆಸಿ, ಮುಚ್ಚಿದ ಡಬ್ಬದಲ್ಲಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಹಲಸಿನದಾದರೆ ಬಕ್ಕೆ ತೊಳೆಯನ್ನು ಸ್ವಲ್ಪ ಬೇಯಿಸಿ ನುಣ್ಣಗೆ ಅರೆದು ಹಾಕಿ, ಏಲಕ್ಕಿ ಬೇಕಿಲ್ಲ, ಹಲಸಿನ ಪರಿಮಳವೇ ಸಾಕು.

ಮಕ್ಕಳಿಗೆ ಕೈಕೆಲಸ ಬೇಕೆಂದರೆ ಹಳೆಯ ಕ್ರಮ. ದೊಡ್ಡ ಪಾತ್ರೆಯಲ್ಲಿ ಮೂರು ಪಾಲು ಪುಡಿ ಐಸ್, ಒಂದು ಪಾಲು ಕಲ್ಲುಪ್ಪು. ಅದರ ನಡುವೆ ಸ್ಟೀಲ್ ಡಬ್ಬದಲ್ಲಿ ಕುದಿಸಿ ಆರಿಸಿದ ಸಿಹಿ ಹಾಲು, ಕ್ರೀಮ್. ಸರದಿಯ ಮೇಲೆ ಡಬ್ಬ ತಿರುಗಿಸುತ್ತಾ, ಆಗಾಗ ಮುಚ್ಚಳ ತೆಗೆದು ಬದಿಗೆ ಹೆಪ್ಪುಗಟ್ಟಿದ್ದನ್ನು ಕೆರೆಯಬೇಕು. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಪೇಟೆಂಟ್ ಪಡೆದ ಕೈ ತಿರುಗಣೆಯ ಐಸ್‌ಕ್ರೀಂ ಯಂತ್ರದಲ್ಲೂ ಇದೇ ಉಪ್ಪು, ಇದೇ ಐಸ್. ಉಪ್ಪು ಬೆರೆತ ಐಸನ್ನು ಮಕ್ಕಳು ಬರಿಗೈಯಲ್ಲಿ ಹಿಡಿಯದಂತೆ ನೋಡಿಕೊಳ್ಳಿ, ಚರ್ಮ ಸುಡುತ್ತದೆ. ಉಪ್ಪುನೀರನ್ನು ತೆಂಗಿನ ಬುಡಕ್ಕೆ ಬೇಕಾದರೆ ಹಾಕಿ, ಮಲ್ಲಿಗೆ ಗಿಡಕ್ಕೆ ಮಾತ್ರ ಬೇಡ.

ಒಂದೇ ಕಾರಿನಲ್ಲಿ ಎಲ್ಲರನ್ನೂ ತುಂಬಿಸಿಕೊಂಡು ಹೋಗಬಹುದಾ? "ಹತ್ತಿರ ತಾನೇ?"

ಬೇಡ. ಹೆದ್ದಾರಿ 66ರಲ್ಲಿ ಮೀನಿನ ಲಾರಿ, ಎಕ್ಸ್‌ಪ್ರೆಸ್ ಬಸ್ಸು, ಅಡ್ಡ ಬರುವ ಸ್ಕೂಟರ್ ಎಲ್ಲವೂ ಇವೆ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿಯನ್ನು ಬಿಟ್ಟುಬಿಡಬೇಕು. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳಿಗೆ ಸೀಟ್‌ಬೆಲ್ಟ್ ಅಥವಾ ಮಕ್ಕಳ ಸೀಟ್ ಇರಲೇಬೇಕು, ಇಲ್ಲದಿದ್ದರೆ 1,000 ರೂಪಾಯಿ ದಂಡ. ಹಿಂದೆ ಕೂತ ದೊಡ್ಡವರಿಗೂ ಬೆಲ್ಟ್ ಕಡ್ಡಾಯ. ಜನ ಜಾಸ್ತಿ ಇದ್ದರೆ ಒಂದು ಟೆಂಪೊ ಟ್ರಾವೆಲರ್ ಮಾಡಿ. ಎಲ್ಲರೂ ಒಟ್ಟಿಗೆ ಕೂತಂತಾಗುತ್ತದೆ, ಓಡಿಸುವ ಅಣ್ಣನಿಗೂ ಮಾತಿನಲ್ಲಿ ಪಾಲು ಸಿಗುತ್ತದೆ.

ಎರಡು ಕಾರು ಇದ್ದರೆ ಹೋಗುವಾಗ ಇದ್ದವರನ್ನು ಬರುವಾಗ ಅದಲುಬದಲು ಮಾಡಿ. ಮುಂಬಯಿಯ ಮಗು ಊರಿನ ಚಿಕ್ಕಪ್ಪನ ಕಾರಿನಲ್ಲಿ, ಊರಿನ ಮಗು ದುಬೈ ಅತ್ತೆಯ ಪಕ್ಕದಲ್ಲಿ.

ಆಗುಂಬೆಗೆ ಹೋಗಿ ಬರುವಾಗ ತಿನ್ನಬಹುದಾ?

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ವಾಂತಿ ಬರುವವರು ಇದ್ದರೆ ಹತ್ತುವ ಮೊದಲೂ ಬೇಡ, ಇಳಿಯುವ ಮೊದಲೂ ಬೇಡ. ಇಳಿದು ಸೋಮೇಶ್ವರ, ಹೆಬ್ರಿ ದಾಟಿದ ಮೇಲೆ ತಿನ್ನಿ.

ಬಿಲ್ ಯಾರು ಕೊಡಬೇಕು?

ಕೌಂಟರಿನ ಮುಂದೆ ಇಬ್ಬರು ಮಾವಂದಿರು ಒಬ್ಬರ ಕೈ ಒಬ್ಬರು ಹಿಡಿದು ಎಳೆದಾಡುವುದು ನೋಡಲು ಚಂದವೇ. ಆದರೆ ಅದರಲ್ಲಿ ಊರಿನಲ್ಲಿ ಕೃಷಿ ಮಾಡುವ ಒಬ್ಬರು ಸುಮ್ಮನೆ ಹಿಂದೆ ನಿಂತಿರುತ್ತಾರೆ. ವರ್ಷವಿಡೀ ಮನೆ, ನಾಗಬನ, ವಯಸ್ಸಾದವರನ್ನು ನೋಡಿಕೊಂಡವರು ಅವರೇ. ಈ ಮುಜುಗರ ಅವರಿಗೆ ಬರಬಾರದು. ಹಾಗಾಗಿ ಕೆಲಸ ಮಾಡುವ ವಯಸ್ಸಿನ ಅಣ್ಣ ತಮ್ಮ ಅಕ್ಕ ತಂಗಿಯರು ಊರಿಗೆ ಬಂದ ಮೊದಲ ದಿನವೇ ತಮ್ಮ ಕೈಲಾದಷ್ಟು ಒಂದು ಡಬ್ಬಕ್ಕೆ ಹಾಕಲಿ, ಯಾರು ಎಷ್ಟು ಹಾಕಿದರು ಅಂತ ಲೆಕ್ಕ ಬೇಡ. ಡೀಸೆಲ್, ಮಲ್ಲಿಗೆ, ಗಡ್‌ಬಡ್ ಎಲ್ಲಕ್ಕೂ ಅದೇ ಡಬ್ಬ. ಕೌಂಟರಿಗೆ ಹೋಗಿ ದುಡ್ಡು ಕೊಡುವ ಕೆಲಸ ಹತ್ತನೇ ತರಗತಿ ಮುಗಿಸಿದ ಹುಡುಗಿಗೋ ಹುಡುಗನಿಗೋ ಕೊಡಿ. ನಮ್ಮ ಮನೆಯಲ್ಲಿ ಮಕ್ಕಳು ಈ ಜವಾಬ್ದಾರಿಗೆ ಕಾಯುತ್ತಾರೆ.

ನಾವು ಬೆಂಗಳೂರಿನಲ್ಲೇ ಸೇರುತ್ತೇವೆ. ಅಲ್ಲಿ?

ಕಾರ್ನರ್ ಹೌಸ್ ಇದೆ, ರೆಸಿಡೆನ್ಸಿ ರಸ್ತೆಯಲ್ಲಿ 1982ರಲ್ಲಿ ಶುರುವಾದದ್ದು. ಈಗ ಬಡಾವಣೆಗೊಂದು ಸಿಗುತ್ತದೆ, ಹಾಗಾಗಿ ಮನೆಗೆ ಹತ್ತಿರದ್ದಕ್ಕೇ ಹೋಗಿ. ಅಲ್ಲಿನ ಡೆತ್ ಬೈ ಚಾಕೊಲೇಟ್ ಒಂದನ್ನು ಇಬ್ಬರು ಮೂವರು ಹಂಚಿಕೊಳ್ಳಬಹುದು. ಹಿರಿಯರಿಗೆ ಎಂ.ಜಿ. ರಸ್ತೆಯ ಲೇಕ್ ವ್ಯೂ ಹೆಸರು ಹೇಳಿದರೆ ಮುಖ ಅರಳುತ್ತದೆ, ಅದು 1930ರದ್ದು. ಬೆಂಗಳೂರಿನಲ್ಲಿ ದೂರಕ್ಕಿಂತ ಟ್ರಾಫಿಕ್ಕೇ ಲೆಕ್ಕ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಡುವುದು ಸಂಜೆಗಿಂತ ವಾಸಿ.

ಮಳೆಗಾಲದಲ್ಲಿ ಸೇರುವವರು ಏನು ಮಾಡಬೇಕು?

ಅಷ್ಟಮಿ, ಚೌತಿಗೆ ಸೇರುವ ಮನೆಗಳಿಗೆ ಮಳೆ ತಪ್ಪಿದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯಬೇಡಿ. ಮಲ್ಪೆಯಿಂದ ದ್ವೀಪದ ದೋಣಿಯೂ ಇರುವುದಿಲ್ಲ. ಬೀಚು ಬಿಟ್ಟು ಕಾರ್ಕಳದ ಕಡೆ ಹೋಗಿ, ಗದ್ದೆ ಹಸಿರಾಗಿರುತ್ತದೆ. ಗೊಮ್ಮಟನ ಗುಡ್ಡದ ಮೆಟ್ಟಿಲು ಜಾರುತ್ತದೆ, ಹಿರಿಯರು ಕೆಳಗೇ ಇರಲಿ. ಬೆಳಕು ಇರುವಾಗಲೇ ವಾಪಸ್ ಹೊರಡಿ. ಮಳೆಗೆ ಐಸ್‌ಕ್ರೀಂ ಯಾಕೆ ಅನ್ನುವವರಿಗೆ ಅದೇ ಪೇಟೆಯಲ್ಲಿ ಬಿಸಿ ಗೋಳಿಬಜೆ ಸಿಗುತ್ತದೆ. ಮೊದಲು ಗೋಳಿಬಜೆ, ಆಮೇಲೆ ಗಡ್‌ಬಡ್. ಎರಡನ್ನೂ ಕೊಡುವ ಹೋಟೆಲ್ ಆದರೆ ಗುಂಪು ಎರಡಾಗಿ ಒಡೆಯದೆ ಒಂದೇ ಮೇಜಿನಲ್ಲಿ ಕೂರಬಹುದು.